ಎಲೆಗೆ ಅಡ್ಡ ಹಿಡಿದ ಕೈ

ದಿನಕರ ಹೆಗಡೆಯ ಅಂದಿನ ಫಜೀತಿಗೆಲ್ಲ ಮೂಲ ಯಾವುದೆಂದರೆ, ಅವನು ಹದಿನಾರು ವಾರದ ಹಿಂದೆ ಒಬ್ಬ ಹುಡುಗಿಗೆ ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟದ್ದು.

ಹುಡುಗಿಯ ಹೆಸರು ಸಂಹಿತಾ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೂತು, ಫೋನಿನ ಪರದೆಯೊಳಗಿಂದಲೇ ಶಿರಸಿ, ಸಿದ್ದಾಪುರದ ಜನರ ಕೈಗೆ ಕಸರತ್ತು ಮಾಡಿಸುವುದು ಅವಳ ಕೆಲಸ. ದಿನಕರನಿಗೆ ಸ್ಟ್ರೋಕ್ ಆಗಿ ಬಲಭಾಗ ಸೋತಾಗ ಕಾಲು ಒಂದೂವರೆ ತಿಂಗಳಲ್ಲಿ ಹೇಗೋ ದಾರಿಗೆ ಬಂತು. ಕೈ ಮಾತ್ರ ತವರಿಗೆ ಹೋಗಿ ಕೂತ ಸೊಸೆಯ ಹಾಗೆ ಯಾರು ಕರೆದರೂ ಬರಲೊಲ್ಲದು. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿಬಂದರೆ ಇದ್ದ ಎಡಗೈಯೂ ಸೋಲುತ್ತದೆಂದು ಆಸ್ಪತ್ರೆಯವರು ಒಂದು ಕೈಪಟ್ಟಿ ಕೊಟ್ಟು ಮನೆಗೆ ಕಳಿಸಿದ್ದರು. ವಾಚಿನಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ವಸ್ತು. ಕೈ ಕೆಳಗಿನಿಂದ ಎದ್ದು ಬಾಯಿಯ ಎತ್ತರಕ್ಕೆ ಬಂದಾಗಲೆಲ್ಲ ‘ಟಿಣ್’ ಎಂದು ಒಂದು ಎಣಿಸುತ್ತದೆ. ಆ ಎಣಿಕೆ ಅದೇ ಕ್ಷಣದಲ್ಲಿ ಸಂಹಿತಾಳ ಎದುರಿನ ಕಂಪ್ಯೂಟರಿನಲ್ಲಿ ಮೂಡುತ್ತದೆ.

ಮೊದಲ ದಿನವೇ ಅವಳು ಕೇಳಿದ್ದಳು. “ಸರ್, ಈ ಕೈಯಿಂದ ಮೊದಲು ಏನು ಮಾಡಬೇಕು ಅಂತ ನಿಮ್ಮ ಆಸೆ?”

ಉಳಿದವರು ಸಹಿ ಹಾಕಬೇಕು ಎನ್ನುತ್ತಾರಂತೆ, ಅಂಗಿಯ ಗುಂಡಿ ಹಾಕಬೇಕು ಎನ್ನುತ್ತಾರಂತೆ. ದಿನಕರನಿಗೆ ಶಿರಸಿಯ ತಾಲೂಕು ಕಚೇರಿಯ ಎದುರು ಒಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಮಷೀನಿಗೆ ಎಡಗೈ ಬಲಗೈ ಎಂಬ ಭೇದವಿಲ್ಲ. ಅವನು ಒಂದಿಷ್ಟೂ ಯೋಚಿಸದೆ ಹೇಳಿದ. “ಹಂತಿಲಿ ಕೂತು ಬಲಗೈಲಿ ಉಣ್ಣವು.”

ಬೇರೆ ಯಾರಾದರೂ ಆಗಿದ್ದರೆ ಹಂತಿ ಎಂದರೇನು ಎಂದು ಕೇಳುತ್ತಿದ್ದರು. ಸಂಹಿತಾ ಯಲ್ಲಾಪುರದ ಮಗಳು. ಊಟದ ಪಂಕ್ತಿ ಎಂದರೆ ಏನು, ಅದರಲ್ಲಿ ಜಾಗ ತಪ್ಪಿದರೆ ಏನು ಎನ್ನುವುದು ಅವಳಿಗೆ ಗೊತ್ತಿತ್ತು. ನಗಲಿಲ್ಲ. ಅದನ್ನೇ ಗುರಿ ಎಂದು ಬರೆದುಕೊಂಡಳು.

ಇಷ್ಟೇನಾ ಆಸೆ ಎಂದು ನಗುವವರು ಎಡಗೈಯಲ್ಲಿ ಚಮಚ ಹಿಡಿದು ಒಮ್ಮೆ ಪಂಕ್ತಿಯಲ್ಲಿ ಕೂತು ನೋಡಬೇಕು. ಸ್ಟ್ರೋಕ್ ಆದ ಎರಡು ತಿಂಗಳಿಗೆ ದಿನಕರ ಸಿದ್ದಾಪುರದಲ್ಲಿ ಒಂದು ಮದುವೆಗೆ ಹೋಗಿದ್ದ. ಮನೆಯವರು ಬಹಳ ಮರ್ಯಾದೆಯಿಂದ ಅವನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ತೆಂಗಿನಕಾಯಿ ಚೀಲಗಳ ನಡುವೆ ಒಂದು ಮೇಜು ಹಾಕಿ, ತಟ್ಟೆಯಲ್ಲಿ ಬಡಿಸಿದರು. ಹೊರಗೆ ಪಂಕ್ತಿಯಲ್ಲಿ ನಗು, ಒತ್ತಾಯ, ಬೇಡ ಬೇಡ ಎನ್ನುವ ಗಲಾಟೆ. ಮೂವತ್ತು ವರ್ಷ ಆ ಗಲಾಟೆಯ ನಡುಮಧ್ಯೆ ಕೂತವನು ಅವನು. ದಿನಕರ ಕೂತಿದ್ದಾನೆಂದರೆ ಬಡಿಸುವವರು ಇನ್ನೊಂದು ಸುತ್ತು ಬರುತ್ತಿದ್ದರು. ಅಂದು ತೆಂಗಿನಕಾಯಿಗಳ ಎದುರು ಅವನು ಎರಡು ಚಮಚ ತಿಂದು ತಟ್ಟೆ ಸರಿಸಿದ. ಮನೆಗೆ ಬಂದು, ಇನ್ನು ಯಾವ ಊಟದ ಮನೆಗೂ ಬರುವುದಿಲ್ಲ ಎಂದು ಹೆಂಡತಿಗೆ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ್ದ.

ಈಗ ಹದಿನಾರು ವಾರ ಮುಗಿದಿತ್ತು. ಸಂಹಿತಾಳ ಕೊನೆಯ ಪರೀಕ್ಷೆ ಗುರುವಾರ ಹನ್ನೆರಡೂವರೆಗೆ. ಅದೇ ಗುರುವಾರ ಪಕ್ಕದ ಗಣಪನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶದ ಊಟ. ಎರಡನ್ನೂ ಒಂದೇ ಮಾಡೋಣ ಎಂದವಳೂ ಅವಳೇ. ಪಂಕ್ತಿಯಲ್ಲಿ ಕೂತು, ಫೋನ್ ಎದುರಿಗಿಟ್ಟುಕೊಂಡು, ಒಂದೇ ಊಟದಲ್ಲಿ ಅರವತ್ತು ಸಲ ಬಲಗೈಯನ್ನು ಬಾಯಿಗೆ ತರಬೇಕು. ತಂದರೆ ಪಾಸು.

“ನಾನು ಕೈಯನ್ನು ಮಾತ್ರ ನೋಡ್ತೀನಿ ಸರ್. ನೀವು ನಿಶ್ಚಿಂತೆಯಿಂದ ಊಟ ಮಾಡಿ,” ಎಂದಿದ್ದಳು.

ಹೆಂಡತಿ ರಾಜೀವಿಗೆ ಆ ನಿಶ್ಚಿಂತೆ ಇರಲಿಲ್ಲ. ಅಂಗಡಿಗೆ ಬೆಳಿಗ್ಗೆಯೇ ಬಾಗಿಲು ಹಾಕಿ ಬಂದವಳು ಗಂಡನ ಪಂಚೆ ಸರಿಮಾಡುತ್ತ ಲೆಕ್ಕ ಕೇಳಿದಳು.

“ಮನೆಲಿ ಟೇಬಲ್ ಮೇಲೆ ಉಂಡ್ರೆ ನಲವತ್ತೊಂದು ದಾಟಿದ್ದಿಲ್ಲೆ. ನೆಲದ ಮೇಲೆ ಕೂತು ಅರವತ್ತು ಹ್ಯಾಂಗೆ ಆಗ್ತು?”

“ನೀನು ಮಾಡೋ ಉಪ್ಪಿಲ್ಲದ ಗಂಜಿಗೆ ನಲವತ್ತೊಂದು. ಗಣಪನ ಮನೆ ಊಟಕ್ಕೆ ಕೈ ತನ್ನಷ್ಟಕ್ಕೇ ಮೇಲೆ ಬತ್ತು.”

“ಸಿಹಿ ಮುಟ್ಲಾಗ. ತುಪ್ಪ ಹಾಕಿಸ್ಕಳ್ಳಲಾಗ. ಡಾಕ್ಟ್ರು ಎಂತ ಹೇಳಿದ್ದು ನೆನಪಿದ್ದಾ?”

“ನೆನಪಿದ್ದು.”

ನೆನಪಿರದೆ ಏನು. ಡಾಕ್ಟರ್ ಗಿರೀಶ್ ಅದೇ ಆಸ್ಪತ್ರೆಯ ದೊಡ್ಡ ಡಾಕ್ಟರು. ರಕ್ತದಲ್ಲಿ ಸಕ್ಕರೆ ಏರಿ ಕೂತದ್ದೇ ಇಷ್ಟಕ್ಕೆಲ್ಲ ಕಾರಣ, ಅದು ಇಳಿಯುವವರೆಗೆ ಸಿಹಿಯ ವಾಸನೆಯೂ ಬೇಡ ಎಂದು ಎರಡೆರಡು ಸಲ ಹೇಳಿದ್ದರು. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಬೆಲ್ಲದ ಡಬ್ಬಿಯೇ ಕಣ್ಮರೆಯಾಗಿತ್ತು. ದಿನಕರ ಪೂರ್ತಿ ಮನಸ್ಸಿನಿಂದಲೇ ಮಾತು ಕೊಟ್ಟ. ಮಾತು ಕೊಡುವಾಗ ಪಕ್ಕದ ಮನೆಯಿಂದ ಹೋಳಿಗೆ ಬೇಯುವ ಪರಿಮಳ ಬಂತು. ಅವನು ಕಿಟಕಿ ಹಾಕಿದ.

ಗಣಪನ ಹೊಸ ಮನೆಯ ಅಂಗಳದಲ್ಲಿ ಮೇಜು ಕುರ್ಚಿಯೂ ಇದ್ದವು, ಒಳಗೆ ಹಜಾರದಲ್ಲಿ ನೆಲದ ಪಂಕ್ತಿಯೂ ಇತ್ತು. ದಿನಕರ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಹಜಾರದ ನಡುವೆ ದಪ್ಪನೆಯ ಒಂದು ಕಂಬ. ಹೆಂಗಸರ ಸಾಲು ಅಡಿಗೆಮನೆಯ ಪಕ್ಕ, ರಾಜೀವಿ ಅಲ್ಲಿ ಬಡಿಸಲು ನಿಂತಿದ್ದಳು. ಎಲೆಗಳನ್ನೆಲ್ಲ ಒಮ್ಮೆ ದಿಟ್ಟಿಸಿ ಅವನು ಸರಿಯಾಗಿ ಕಂಬದ ಮರೆಯ ಎಲೆಯನ್ನೇ ಹಿಡಿದ. ರಾಜೀವಿ ಎಷ್ಟು ಕತ್ತು ಚಾಚಿದರೂ ಅಲ್ಲಿಂದ ಅವನ ಎಡಮೊಣಕಾಲು ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ. ಸಿಹಿ ತಿನ್ನಬೇಕೆಂದಲ್ಲ, ಸುಮ್ಮನೆ ಯಾರ ಕಣ್ಣೂ ಬೀಳದೆ ಪರೀಕ್ಷೆ ಬರೆಯಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಬಲಪಕ್ಕದ ಎಲೆಯಲ್ಲಿ ಕಲ್ಲಯ್ಯ ಕೂತ. ಬನವಾಸಿ ಕಡೆಯವನು. ಅದೇ ಬೀದಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಬಿಚ್ಚಿ ನೋಡದೆ ಯಾವ ವಸ್ತುವನ್ನೂ ಬಿಡುವವನಲ್ಲ.

“ಹೆಗಡೇರ, ಇದೇನ್ರಿ, ಊಟಕ್ಕೂ ವಾಚ್ ಕಟ್ಕೊಂಡು ಕುಂತೀರಿ?”

“ವಾಚಲ್ಲ ಮಾರಾಯ್ರೆ. ತುತ್ತು ಎಣಿಸ್ತದೆ.”

ಕಲ್ಲಯ್ಯನ ಮುಖ ಸಣ್ಣದಾಯಿತು. ದನಿ ತಗ್ಗಿಸಿ ಕೇಳಿದ. “ಯಾರಿಗೆ ಲೆಕ್ಕ ಕೊಡಾಕ್ರಿ? ಗಣಪಣ್ಣ ಹಿಂಗೂ ಮಾಡಾಕತ್ತಾರ?”

ಇದು ಗಣಪನ ಏರ್ಪಾಡಲ್ಲ, ಆಸ್ಪತ್ರೆಯದು ಎಂದು ತಿಳಿಸುವಷ್ಟರಲ್ಲಿ ಹುಬ್ಬಳ್ಳಿಯಿಂದ ಕರೆ ಬಂತು. ದಿನಕರ ಫೋನನ್ನು ನೀರಿನ ಲೋಟಕ್ಕೆ ಆನಿಸಿ ಎಲೆಯ ಎದುರು ನಿಲ್ಲಿಸಿದ. ಸಂಹಿತಾ ಎಲೆ, ಕೈ, ಬಾಯಿ ಮೂರೂ ಕಾಣುತ್ತಿವೆ ಎಂದಳು. ಎಲ್ಲ ಸರಿಯಾಯಿತು ಎನ್ನುವಾಗ ನೀರು ಬಡಿಸುವವನು ಬಂದು ಲೋಟ ಎತ್ತಿದ. ಫೋನು ಮುಖ ಅಡಿಯಾಗಿ ಕೊತ್ತಂಬರಿ ಚಟ್ನಿಯ ಮೇಲೆ ಬಿತ್ತು.

“ಸರ್, ಹಸಿರು ಬಿಟ್ಟರೆ ಏನೂ ಕಾಣ್ತಿಲ್ಲ,” ಎಂದಿತು ಚಟ್ನಿ.

ಕಲ್ಲಯ್ಯ ಹೆಗಲ ಮೇಲಿನ ಟವೆಲಿನಿಂದ ಫೋನು ಒರೆಸಿ, ಇನ್ನು ಇದು ನನ್ನ ಜವಾಬ್ದಾರಿ ಎಂದು ಎಡಗೈಯಲ್ಲಿ ಹಿಡಿದುಕೊಂಡ. ಬಲಗೈಯಲ್ಲಿ ತನ್ನ ಊಟ ಶುರುಮಾಡಿದ. ಕಿವಿ ಸ್ವಲ್ಪ ಮಂದವಾದ್ದರಿಂದ ದನಿಯನ್ನು ಪೂರ್ತಿ ಏರಿಸಿಟ್ಟ.

ದಿನಕರನ ಮೊದಲ ತುತ್ತು ಎಲೆಯಿಂದ ಎದ್ದು ಎದೆಯವರೆಗೆ ಬಂದು ಪಂಚೆಯ ಮೇಲೆ ಇಳಿಯಿತು. ಮನೆಯಲ್ಲಿ ಮೇಜು ಬಾಯಿಗೆ ಹತ್ತಿರ. ಇಲ್ಲಿ ಎಲೆ ನೆಲದಲ್ಲಿ, ಬಾಯಿ ಎಲ್ಲೋ ಆಕಾಶದಲ್ಲಿ. ಎರಡನೆಯದಕ್ಕೆ ಅವನು ಉಪಾಯ ಮಾಡಿ ತಲೆಯನ್ನೇ ಬಗ್ಗಿಸಿದ. ತುತ್ತು ಬಾಯಿಗೆ ಬಿತ್ತು, ಆದರೆ ಪಟ್ಟಿ ಮೌನವಾಗಿತ್ತು.

“ಸರ್, ಬಾಯಿ ಕೆಳಗೆ ಬರಬಾರದು. ಕೈ ಮೇಲೆ ಬರಬೇಕು.”

“ಬಾಯಿ ಮ್ಯಾಲೆ ಇಟ್ಕೊಳ್ರಿ ಹೆಗಡೇರ,” ಎಂದು ಕಲ್ಲಯ್ಯ ಅನುವಾದ ಮಾಡಿದ. ಎದುರು ಸಾಲಿನ ಇಬ್ಬರು ಮುದುಕರು “ತಲೆ ಎತ್ತು ತಮಾ, ತಲೆ ಎತ್ತು” ಎಂದು ಧ್ವನಿಗೂಡಿಸಿದರು. ದಿನಕರ ಬೆನ್ನು ನೆಟ್ಟಗೆ ಮಾಡಿ, ಹಲ್ಲು ಕಚ್ಚಿ, ಮೊಣಕೈಯನ್ನು ಬೇಡಿಕೊಂಡು ಮೂರನೆಯ ತುತ್ತು ಎತ್ತಿದ. ಅದು ನಡುಗುತ್ತ ಬಂದು ತುಟಿ ಮುಟ್ಟಿತು. ಟಿಣ್ ಎಂದಿತು.

ಅಷ್ಟರಲ್ಲಿ ಕಲ್ಲಯ್ಯನಿಗೆ ಒಂದು ಯೋಚನೆ ಬಂತು. ಕೈಯಲ್ಲೇ ಡಾಕ್ಟರಮ್ಮ ಇದ್ದಾಳೆ, ಸುಮ್ಮನೆ ಬಿಡುವುದೇಕೆ? ಫೋನನ್ನು ತನ್ನ ಕಾಲಿನ ಕಡೆ ತಿರುಗಿಸಿದ. “ಅವ್ವಾ, ನನ್ನ ಮೊಣಕಾಲು ಏಳೂವಾಗ ಕಟಕ್ ಅಂತೈತ್ರಿ. ಈಗ ಎದ್ದು ತೋರ್ಸಾಕ ಬರಂಗಿಲ್ಲ, ಹಂಗ ನೋಡ್ರಿ.”

“ಅಂಕಲ್, ಹೆಗಡೇರ ಕೈ ತೋರಿಸಿ.”

“ತೋರಸ್ತೀನ್ರಿ. ಈ ಮೊಣಕಾಲು ಒಂದು.”

ಎದುರಿನ ಮುದುಕರಲ್ಲಿ ಒಬ್ಬರಿಗೆ ಭುಜ ಹಿಡಿದಿತ್ತು, ಇನ್ನೊಬ್ಬರಿಗೆ ಕತ್ತು. ಫೋನು ಎಲೆಗಳನ್ನು ದಾಟಿ ಆ ಸಾಲಿಗೆ ಹೋಗಿ, ಭುಜ, ಕತ್ತು, ಒಂದು ಹಿಮ್ಮಡಿ ಎಲ್ಲವನ್ನೂ ಕಂಡು, ಮೈತುಂಬ ಸಾರಿನ ಬೆರಳಚ್ಚು ಹೊತ್ತು ಮರಳಿ ಬಂತು. ಸಂಹಿತಾ ಪಾಪ, ಎಲ್ಲರಿಗೂ ಬಿಸಿನೀರಿನ ಶಾಖ ಹೇಳಿದಳು. ಆ ಹೊತ್ತಿಗೆ ದಿನಕರನ ಎಣಿಕೆ ಹದಿನೆಂಟಕ್ಕೆ ಮುಟ್ಟಿತ್ತು. ಉಳಿದವರ ಅನ್ನ ಎರಡು ಸುತ್ತು ಮುಗಿದಿತ್ತು.

ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯದೆ ಒಬ್ಬರೂ ಏಳುವಂತಿಲ್ಲ. ಎರಡನೇ ಪಂಕ್ತಿಯವರು ಆಗಲೇ ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಕೆಲವರು ಗಡಿಯಾರ ನೋಡುತ್ತಿದ್ದರು, ಹೆಚ್ಚಿನವರು ದಿನಕರನನ್ನು. ಗಣಪ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟ.

“ಭಾವಾ, ಗಡಿಬಿಡಿ ಎಂತದ್ದೂ ಇಲ್ಲೆ. ಆರಾಮ ಉಣ್ಣು.” ಹೇಳಿ, ತಾನೂ ಒಮ್ಮೆ ಗಡಿಯಾರ ನೋಡಿದ.

ದಿನಕರನಿಗೆ ಇನ್ನು ನಲವತ್ತೆರಡು. ಬಿಟ್ಟು ಎದ್ದರೆ ಮುಂದಿನ ಮದುವೆಗೂ, ಅದರ ಮುಂದಿನದಕ್ಕೂ ಉಗ್ರಾಣದ ಮೇಜೇ ಗತಿ. ಮನಸ್ಸಿನಲ್ಲಿ ಆ ತೆಂಗಿನಕಾಯಿ ಚೀಲಗಳು ಸಾಲಾಗಿ ಬಂದು ಕೂತವು. ಅವನು ಕೈಯನ್ನು ದಿಟ್ಟಿಸಿ ನೋಡಿದ. ಮೂವತ್ತು ವರ್ಷ ನೀನೇ ಉಣಿಸಿದ್ದೆ, ಇವತ್ತೊಂದು ದಿನ ಮತ್ತೆ ಉಣಿಸು ಎಂದು ಒಳಗೊಳಗೇ ಕೇಳಿಕೊಂಡ.

ಅಷ್ಟರಲ್ಲಿ ಅಪ್ಪೆಹುಳಿ ಬಂತು. ಹುಳಿ ಮಾವಿನ ಈ ತಿಳಿಸಾರನ್ನು ಅನ್ನಕ್ಕೆ ಹಾಕಿಸಿಕೊಳ್ಳುವವರು ಕಡಿಮೆ. ಅಂಗೈ ಬಟ್ಟಲು ಮಾಡಿ ಒಡ್ಡಬೇಕು, ಬಡಿಸುವವನು ಸೌಟಿನಿಂದ ಹೊಯ್ಯಬೇಕು, ಸೋರುವ ಮೊದಲು ಕುಡಿಯಬೇಕು. ದಿನಕರ ಯೋಚನೆ ಮಾಡದೆ ಹಳೆಯ ಅಭ್ಯಾಸದಲ್ಲಿ ಬಲಗೈ ಒಡ್ಡಿಬಿಟ್ಟ. ಒಡ್ಡಿದ ಮೇಲೆ ಹೆದರಿದ. ಆದರೆ ಬೆರಳುಗಳು ಒಂದಕ್ಕೊಂದು ಒತ್ತಿ ಕೂತಿದ್ದವು. ಸೌಟು ಬಾಗಿತು. ಅರ್ಧ ಮೊಣಕೈಗೆ ಹರಿದುಹೋಯಿತು, ಉಳಿದರ್ಧ ಅಂಗೈಯಲ್ಲಿ ನಿಂತಿತು. ಬಾಯಿಗೆ ತಂದು ಸೊರ್ ಎಂದು ಎಳೆದ. ಹುಳಿ, ಇಂಗು, ಸೂಜಿಮೆಣಸು ಎಲ್ಲ ಒಟ್ಟಿಗೆ ನೆತ್ತಿಗೆ ಹತ್ತಿದವು.

“ಸರ್, ಬೆರಳು ಸೇರಿಸಿ ಹಿಡಿದ್ರಿ,” ಎಂದಳು ಸಂಹಿತಾ. ಅವಳ ದನಿ ಬದಲಾಗಿತ್ತು. “ನೀರು ಹಾಕಿ ಎಷ್ಟು ಸಲ ಮಾಡಿಸಿದ್ದೆ, ಒಂದು ಸಲವೂ ನಿಂತಿರಲಿಲ್ಲ.”

“ನೀರಿಗೆ ಯಾರು ಕೈ ಒಡ್ಡತ್ವ,” ಎಂದ ದಿನಕರ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಎದುರಿನ ಮುದುಕರು, ಸೂಜಿಮೆಣಸು ಜಾಸ್ತಿ ಆಯಿತು ಎಂದು ಬಡಿಸುವವನನ್ನು ಗದರಿದರು. ದಿನಕರ ಅದನ್ನು ಇನ್ನೂ ಹತ್ತು ಸಲ ಹಾಕಿಸಿಕೊಂಡ. ಎಣಿಕೆ ಇಪ್ಪತ್ತೊಂಬತ್ತಕ್ಕೆ ಬಂತು.

ಆಮೇಲೆ ಹೋಳಿಗೆ ಬಂತು. ಹರಿವಾಣ ಹಿಡಿದವನು ಸ್ವತಃ ಗಣಪ.

ನಮ್ಮ ಕಡೆಯ ಪಂಕ್ತಿಯಲ್ಲಿ ಬೇಡ ಎಂಬ ಮಾತಿಗೆ ಬೆಲೆಯಿಲ್ಲ. ಬಾಯಲ್ಲಿ ಬೇಡ ಎಂದರೆ ಅದು ಸಂಕೋಚ, ಎರಡು ಹಾಕು ಎಂದು ಅರ್ಥ. ನಿಜವಾಗಿ ಬೇಡವಾದವನು ಬಲಗೈಯನ್ನು ಪೂರ್ತಿ ಬಿಚ್ಚಿ ಎಲೆಗೆ ಅಡ್ಡ ಹಿಡಿಯಬೇಕು. ಅದೂ ಹೋಳಿಗೆ ಹರಿವಾಣ ಬಿಡುವ ಮೊದಲು ಹಿಡಿಯಬೇಕು. ನುರಿತ ಬಡಿಸುವವನು ಬೆರಳ ಸಂದಿನಲ್ಲೂ ಜಾಗ ಹುಡುಕುತ್ತಾನೆ. ಗಣಪ ನುರಿತವನು.

“ಬ್ಯಾಡ ಗಣಪಾ, ಯಂಗೆ ಆಗ್ತಿಲ್ಲೆ, ಬ್ಯಾಡ,” ಎಂದ ದಿನಕರ. ಅಂದದ್ದು ಪ್ರಾಮಾಣಿಕವಾಗಿಯೇ. ಕೈಗೆ ಅಡ್ಡ ಹೋಗು ಎಂದು ಆಜ್ಞೆಯನ್ನೂ ಕೊಟ್ಟ. ಆಜ್ಞೆ ತಲೆಯಿಂದ ಹೊರಟು, ಭುಜ, ಮೊಣಕೈ, ಮಣಿಕಟ್ಟು ಎಂದು ಪ್ರತಿ ಸ್ಟಾಪಿನಲ್ಲೂ ನಿಂತು ಬರುವ ಲೋಕಲ್ ಬಸ್ಸಿನಂತೆ ಬೆರಳಿಗೆ ಬಂದು ಮುಟ್ಟುವಾಗ ಹೋಳಿಗೆ ಎಲೆಯ ಮೇಲೆ ಬಿದ್ದು, ಅದರ ಮೇಲೆ ತುಪ್ಪವೂ ಬಿದ್ದು ಆಗಿತ್ತು. ಬಿಚ್ಚಿದ ಬೆರಳು ಬಿಸಿ ಹೋಳಿಗೆಯ ಮೇಲೆಯೇ ಹೋಗಿ ಕೂತಿತು. ಸಾಲಿಗೆ ಸಾಲೇ ನಕ್ಕಿತು.

“ಸರ್, ಈಗ ಮಾಡಿದ್ದು ಇನ್ನೊಂದು ಸಲ,” ಸಂಹಿತಾಳ ಕೂಗು ಕಲ್ಲಯ್ಯನ ಎಡಗೈಯಿಂದ ಬಂತು. “ಬೆರಳು ಪೂರ್ತಿ ಬಿಚ್ಚಿ ಕೈ ಚಾಚಿದ್ರಲ್ಲ, ಅದೇ. ಬಟ್ಟೆ ಕ್ಲಿಪ್ಪು ಕೊಟ್ಟು ಎಷ್ಟು ಮಾಡಿಸಿದರೂ ಬಂದಿರಲಿಲ್ಲ. ಅವರಿಗೆ ಇನ್ನೊಮ್ಮೆ ಬರೋಕೆ ಹೇಳಿ.”

ಗಣಪನಿಗೆ ಇದಕ್ಕಿಂತ ಹೆಚ್ಚಿನ ಕಾಗದಪತ್ರ ಬೇಕಾಗಿರಲಿಲ್ಲ. “ಆಸ್ಪತ್ರೆಯವ್ವೇ ಹೇಳಿದ ಮೇಲೆ ಎಂತದ್ದು ಭಾವಾ,” ಎಂದು ಎರಡನೆಯದನ್ನು ತೂಗಿ ಹಿಡಿದ. ಈ ಸಲ ಕೈ ಅರ್ಧ ದಾರಿಯವರೆಗೆ ಬಂತು. ಹೋಳಿಗೆ ಗೆದ್ದಿತು.

ಹೊಸ ಮನೆಯ ಮೊದಲ ಊಟದಲ್ಲಿ ಎಲೆಯ ಮೇಲೆ ಹೋಳಿಗೆ ಬಿಟ್ಟು ಏಳುವುದು ಹೇಗೆ? ದಿನಕರ ಅದನ್ನು ಮುರಿದು ಬಾಯಿಗಿಟ್ಟ. ಮುರಿಯುವುದೇ ಹೆಬ್ಬೆರಳಿಗೂ ತೋರುಬೆರಳಿಗೂ ಬಹಳ ಒಳ್ಳೆಯ ಕಸರತ್ತು ಎಂದು ಅವನಿಗೆ ಆಗ ತಿಳಿಯಿತು. ಸಣ್ಣ ಚೂರು ಮಾಡಿದಷ್ಟೂ ಎಣಿಕೆ ಹೆಚ್ಚು ಎನ್ನುವುದೂ ತಿಳಿಯಿತು. ಒಂದು ಹೋಳಿಗೆಗೆ ಹನ್ನೆರಡು ಚೂರು, ಹನ್ನೆರಡು ಟಿಣ್. ನಾಲ್ಕು ತಿಂಗಳು ಉಪ್ಪಿಲ್ಲದ ಗಂಜಿ ಕಂಡ ನಾಲಿಗೆ ಏಲಕ್ಕಿಯನ್ನು ಗುರುತು ಹಿಡಿದು ಸುಮ್ಮನೆ ಅಳುವುದೊಂದು ಬಾಕಿ.

ಮೂರನೆಯದಕ್ಕೆ ಕೈಯೂ ಹೋಳಿಗೆಯೂ ಒಟ್ಟಿಗೇ ತಲುಪಿದವು. ಪಂಚಾಯಿತಿ ಮಾಡಿದವನು ಕಲ್ಲಯ್ಯ. ಅರ್ಧ ಎಲೆ ಮುಟ್ಟಿದ್ದರಿಂದ ಹೋಳಿಗೆ ಎಲೆಯದ್ದೇ ಎಂದು ತೀರ್ಪು ಕೊಟ್ಟ.

ನಾಲ್ಕನೆಯದಕ್ಕೆ ಕೈ ಮೊದಲು ಬಂತು.

ದಿನಕರ ಅದನ್ನು ಕಣ್ಣಾರೆ ಕಂಡ. ಗಣಪನ ಬೆರಳು ಹರಿವಾಣದಲ್ಲೇ ಇತ್ತು. ಇತ್ತ ಅವನ ಬಲಗೈ ಐದೂ ಬೆರಳು ಬಿಚ್ಚಿ, ಅಲುಗದೆ, ಎಲೆಯ ಮೇಲೆ ಛತ್ರಿಯಂತೆ ನಿಂತಿತ್ತು. ತಾನು ಹೇಳಿದ್ದನ್ನು ತನ್ನ ಕೈ ಕೇಳಿತು. ಎದೆ ತುಂಬಿ ಬಂತು. ರಾಜೀವಿಯನ್ನು ಕರೆದು ತೋರಿಸಬೇಕು ಎನ್ನಿಸಿತು.

ಆಮೇಲೆ, ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ, ಅವನು ಆ ಕೈಯನ್ನು ಒಂದು ಇಂಚು ಹಿಂದಕ್ಕೆ ಎಳೆದುಕೊಂಡ.

“ಅಯ್ಯ, ತಡ ಆಗಿಹೋತು,” ಎಂದ, ಬಿದ್ದ ಹೋಳಿಗೆಯನ್ನು ನೋಡಿ.

“ಅಡ್ಡಿಲ್ಲೆ ಭಾವಾ, ಇನ್ನೊಂದು ಸಲ ಪ್ರಯತ್ನ ಮಾಡು,” ಎಂದ ಗಣಪ.

ಐದು, ಆರು, ಏಳಕ್ಕೂ ಸ್ವಲ್ಪ ಸ್ವಲ್ಪವೇ ತಡವಾಯಿತು. ನಡುವೆ ಎಲ್ಲೋ ಅರವತ್ತು ದಾಟಿ ಪಟ್ಟಿಯೊಳಗಿಂದ ಒಂದು ಪುಟ್ಟ ವಾದ್ಯ ಮೊಳಗಿತು. ಸಾಲಿನವರೆಲ್ಲ ಹರಹರ ಮಹಾದೇವ ಎಂದರು. ಗೋಡೆಗೆ ಒರಗಿ ಹಸಿದು ನಿಂತಿದ್ದ ಎರಡನೇ ಪಂಕ್ತಿಯವರು ಇನ್ನಷ್ಟು ಜೋರಾಗಿ ಅಂದರು. ಆ ಗದ್ದಲ ಕೇಳಿ ರಾಜೀವಿ ಹೆಂಗಸರ ಸಾಲಿಗೆ ಬಡಿಸಿ ಮುಗಿಸಿ, ಸೆರಗು ಸಿಕ್ಕಿಸಿಕೊಂಡು ಕಂಬ ಸುತ್ತಿ ಬರುವಷ್ಟರಲ್ಲಿ ದಿನಕರ ಕೊನೆಯ ಹೋಳಿಗೆಯ ಕೊನೆಯ ಚೂರು ನುಂಗಿ, ಎಲೆಗೆ ಅನ್ನ ಮಜ್ಜಿಗೆ ಹಾಕಿಸಿಕೊಂಡು ಸಾಧುವಿನಂತೆ ಕೂತಿದ್ದ.

“ಆತಾ?” ಎಂದಳು.

“ನೂರಾ ಹದಿಮೂರು,” ಎಂದ ದಿನಕರ. ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ತೋರಿಸಿದ. ಎತ್ತುವಾಗ ಅದು ನಡುಗಲೂ ಇಲ್ಲ.

“ಸಿಹಿ ಮುಟ್ಟಿದ್ದಿಲ್ಲೆ ಅಲ್ದಾ?”

“ಎಲೆ ನೋಡು.”

ಎಲೆಯಲ್ಲಿ ಮಜ್ಜಿಗೆ ಅನ್ನವೂ ತುದಿಯಲ್ಲಿ ಉಪ್ಪಿನಕಾಯಿಯೂ ಇದ್ದವು. ರಾಜೀವಿ ನೋಡಿದಳು. ಗಂಡ ಬಲಗೈಯಲ್ಲಿ ಒಂದು ತುತ್ತು ಕಲಸಿ, ಎತ್ತಿ, ಬಾಯಿಗೆ ಇಟ್ಟುಕೊಂಡದ್ದನ್ನೂ ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಎಷ್ಟು ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಅವನ ಭುಜ ಮುಟ್ಟಿದಳು. ದಿನಕರನಿಗೆ ಒಂದು ಗಳಿಗೆ ನಾಚಿಕೆಯಾಯಿತು. ನಾಳೆಯಿಂದ ಖಂಡಿತ ಮಾತು ಉಳಿಸಿಕೊಳ್ಳಬೇಕು ಎಂದುಕೊಂಡ.

“ಅಭಿನಂದನೆ ಸರ್,” ಎಂದಳು ಸಂಹಿತಾ. “ಇಷ್ಟು ಒಳ್ಳೇ ಫಲಿತಾಂಶ ಈ ವರ್ಷ ಯಾರದ್ದೂ ಬಂದಿಲ್ಲ. ಒಂದು ನಿಮಿಷ ಇರಿ, ಗಿರೀಶ್ ಸರ್ ಮಾತಾಡ್ತಾರಂತೆ. ನಿಮ್ಮದು ಪಂಕ್ತಿ ಊಟದ ಪರೀಕ್ಷೆ ಅಂತ ಕೇಳಿ, ಶುರುವಿಂದ ನನ್ನ ಹಿಂದೇ ಕುರ್ಚಿ ಹಾಕ್ಕೊಂಡು ಕೂತಿದ್ರು.”

ದಿನಕರನ ತುತ್ತು ಬಾಯಿಯ ಎತ್ತರದಲ್ಲೇ ನಿಂತಿತು.

“ಹೆಗಡೇರೆ,” ಎಂದಿತು ಡಾಕ್ಟರರ ದನಿ. ಕಲ್ಲಯ್ಯ ಏರಿಸಿಟ್ಟ ದನಿ ಅಡಿಗೆಮನೆಯವರೆಗೂ ಕೇಳುತ್ತಿತ್ತು. “ಸಂಹಿತಾ ಕೈ ನೋಡಿದಳು. ನಾನು ಎಲೆ ನೋಡಿದೆ. ಏಳು ಹೋಳಿಗೆ.”

ಕಲ್ಲಯ್ಯ, ಅವನದ್ದೇನು ಹೋಗುವುದು, ಫೋನನ್ನು ಇನ್ನೂ ಹತ್ತಿರ ತಂದು ಹಿಡಿದ.

“ಮೊದಲ ಮೂರು ಕ್ಷಮಿಸ್ತೇನೆ. ಕೈ ನಿಜವಾಗಿ ತಡವಾಯ್ತು. ನಾಲ್ಕನೆಯದಕ್ಕೆ ಸರಿಯಾಗಿ ಬಂದಿತ್ತು. ನೀವು ಹಿಂದಕ್ಕೆ ಎಳ್ಕೊಂಡ್ರಿ.”

“ಡಾಕ್ಟ್ರೇ, ಅದು ಕೈ ತಾನಾಗೇ—”

“ಅಷ್ಟು ನಾಜೂಕಾಗಿ ಒಂದೇ ಇಂಚು ಹಿಂದೆ ಹೋಗೋ ಕೈ ಪೂರ್ತಿ ಗುಣವಾದ ಕೈ. ನಮ್ಮ ಚಿಕಿತ್ಸೆ ಅದಕ್ಕೆ ಇನ್ನು ಬೇಡ. ಸರ್ಟಿಫಿಕೇಟ್ ಕಳಿಸ್ತೇವೆ. ಆದರೆ ಆ ಕೈಯ ಯಜಮಾನರು ಇನ್ನು ಆರು ತಿಂಗಳು ಪಂಕ್ತಿಯಲ್ಲಿ ಕೂರೋ ಹಾಗಿಲ್ಲ. ಮನೆಯವರು ಅಲ್ಲಿದ್ದಾರಾ?”

“ಇದ್ದಿ,” ಎಂದಳು ರಾಜೀವಿ. ಭುಜದ ಮೇಲಿದ್ದ ಕೈ ಅಲ್ಲಿಂದ ಹೋಗಿ ಸೊಂಟದ ಮೇಲೆ ನಿಂತಿತ್ತು.

ದಿನಕರ ಕೊನೆಯ ಅಸ್ತ್ರ ತೆಗೆದ. ದನಿಯಲ್ಲಿ ಸಾಧ್ಯವಿದ್ದಷ್ಟು ಕರುಣೆ ತುಂಬಿ ಹೇಳಿದ. “ಡಾಕ್ಟ್ರೇ, ಅಭ್ಯಾಸ ತಪ್ಪಿದರೆ ಕೈ ಮತ್ತೆ ಬಿದ್ದುಹೋಗ್ತದಲ್ಲ. ಊಟದ ಮನೆಯಲ್ಲೇ ಅದು ಬಗ್ಗಿದ್ದು. ನೀವೇ ಕಂಡಿದ್ದೀರಿ.”

ಮಾತಿನಲ್ಲಿ ಸತ್ಯವಿತ್ತು. ಡಾಕ್ಟರೂ “ಅದೇನೋ ಹೌದು,” ಎಂದರು. ದಿನಕರನಿಗೆ ಜೀವ ಬಂತು. ಆಗ ಸಂಹಿತಾಳ ದನಿ, ಆಸ್ಪತ್ರೆಯ ಕನ್ನಡ ಬಿಟ್ಟು ಸೀದಾ ಯಲ್ಲಾಪುರದ ಮನೆಮಾತಿನಲ್ಲಿ ಕೇಳಿತು.

“ಅದಕ್ಕೆಂತ ಆಗವು? ಬಡಿಸ್ಲಿ. ಹರಿವಾಣ ಹಿಡ್ಕಂಡು ಬಗ್ಗದು, ಬೆರಳಲ್ಲಿ ಒಂದೊಂದೇ ಬಿಡಿಸಿ ಎಲೆಗೆ ಹಾಕದು. ಕೈಗೆ ಅದಕ್ಕಿಂತ ಚೊಲೋ ಕಸರತ್ತು ಆನು ಓದಿದ್ದ್ರಲ್ಲಿ ಯಾವುದೂ ಇಲ್ಲೆ.”

“ಬಹಳ ಒಳ್ಳೇದು. ಹಾಗೇ ಬರಕೋ,” ಎಂದರು ಡಾಕ್ಟರು.

ಎರಡನೇ ಪಂಕ್ತಿಗೆ ಬಡಿಸಲು ಗಣಪನಿಗೆ ಮೂರು ಜನ ಕಡಿಮೆಯಿದ್ದರು. ದಿನಕರ ಕೈ ತೊಳೆದು ಬರುವುದನ್ನೇ ಕಾದು ನಿಂತಿದ್ದು, ಹೋಳಿಗೆಯ ಹರಿವಾಣವನ್ನು ಅವನ ಎದೆಗೆ ಒತ್ತಿ ಕೊಟ್ಟ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಕೈ ಸರಿಯಿಲ್ಲ ಎಂದು ಈಗ ಯಾವ ಬಾಯಿಯಲ್ಲಿ ಹೇಳುವುದು?

ಎರಡನೇ ಪಂಕ್ತಿಯಲ್ಲಿ ಮೊದಲ ಎಲೆಯೇ ರಾಜೀವಿಯದು. ನಾಲ್ಕು ತಿಂಗಳಿಂದ ಗಂಡನಿಗೆ ಇಲ್ಲದ್ದು ತನಗೂ ಬೇಡ ಎಂದು ಅವಳೂ ಬೆಲ್ಲ ಮುಟ್ಟಿರಲಿಲ್ಲ. ಅದು ದಿನಕರನಿಗೆ ಆಗ, ಹರಿವಾಣ ಹಿಡಿದು ಬಗ್ಗಿದಾಗ ನೆನಪಾಯಿತು.

“ಒಂದು?” ಎಂದ.

“ಎರಡು,” ಎಂದಳು. ಅವನು ಎರಡು ಹಾಕಿದ. ಬೆರಳು ಒಂದೂ ತಪ್ಪಲಿಲ್ಲ, ಹೋಳಿಗೆ ಒಂದೂ ಮುರಿಯಲಿಲ್ಲ. ಅವಳು ತಲೆ ತಗ್ಗಿಸಿ ತಿಂದಳು. ಸಿಟ್ಟು ಇಳಿಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಮುಂದಿನ ಎಲೆಯವರು ಕೈ ಅಡ್ಡ ಹಿಡಿದರು. ಯಾವ ಕೈ ನಿಜವಾಗಿ ಅಡ್ಡ ಬಂದದ್ದು, ಯಾವ ಕೈ ಒಂದು ಇಂಚು ಹಿಂದೆ ಹೋಗಲು ಸಿದ್ಧವಿದೆ ಎನ್ನುವುದು ದಿನಕರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಅರೆಕ್ಷಣ ಕಾಯುತ್ತಿದ್ದ. ಕೈ ಸರಿಯುತ್ತಿತ್ತು. ಹೋಳಿಗೆ ಬೀಳುತ್ತಿತ್ತು. ಎರಡನೇ ಪಂಕ್ತಿ ಮುಗಿದು ಮೂರನೆಯದು, ಮೂರು ಮುಗಿದು ನಾಲ್ಕನೆಯದು. ಅಡಿಗೆಯವರು ಮಾಡಿಟ್ಟ ಹೋಳಿಗೆ ಒಂದೂ ಉಳಿಯಲಿಲ್ಲ. ಇಂಥ ಬಡಿಸುವವನು ಇಷ್ಟು ವರ್ಷ ಕೂತು ಉಂಡೇ ಕಾಲ ಕಳೆದನಲ್ಲ ಎಂದು ಜನ ಅಲ್ಲಲ್ಲೇ ಮಾತಾಡಿಕೊಂಡರು.

ಸಂಜೆ ಅವನು ಸೊಂಟ ಹಿಡಿದುಕೊಂಡು ಮನೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಮೇಲಿನ ಬೀದಿಯ ಸೋಮ ಬೈಕು ನಿಲ್ಲಿಸಿದ.

“ಭಾವಾ, ಬಪ್ಪ ಭಾನುವಾರ ಭೈರುಂಬೆಲಿ ಯನ್ನ ಅಣ್ಣನ ಮಗನ ಉಪನಯನ. ತಪ್ಪದೆ ಬರವು.”

ನಾಲ್ಕು ತಿಂಗಳಿಂದ ಅವನನ್ನು ಯಾರೂ ಹೀಗೆ ದಾರಿಯಲ್ಲಿ ನಿಂತು ಕರೆದಿರಲಿಲ್ಲ. ದಿನಕರ ನೋವು ಮರೆತು ಎದ್ದು ನಿಂತ.

“ಊಟಕ್ಕಾ?”

“ಬಡಿಸಲೆ,” ಎಂದ ಸೋಮ.

ಕತ್ತಲಾಗುವುದರೊಳಗೆ ಇನ್ನೂ ಮೂವರು ಬಂದರು. ಸಿದ್ದಾಪುರದಲ್ಲಿ ಒಂದು ಮದುವೆ, ಇಲ್ಲೇ ಎರಡು ಸತ್ಯನಾರಾಯಣ ಕತೆ. ಪ್ರತಿ ಸಲವೂ ದಿನಕರ ಏನಾದರೊಂದು ನೆಪ ಹೇಳಲು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತ ರಾಜೀವಿ ಉತ್ತರ ಕೊಟ್ಟಾಗಿತ್ತು.

“ಕಳಸ್ತೆ,” ಎಂದಳು ನಾಲ್ಕು ಜನಕ್ಕೂ.